ನಮ್ಮ ಗಾಯಕನ ಗುಮಾನಿ

ಮೊನ್ನೆ ನವಿ ಮುಂಬಯಿಯ ವಾಶಿಯಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ಅಂಗಡಿಯವನು ವೈರ್‌ಗೆ ಬೆಸುಗೆ ಹಾಕಿದ. ಸುಟ್ಟ ರಾಳದ ಆ ವಾಸನೆಗೆ ನಮ್ಮ ಗಾಯಕ ನೆನಪಾದ... ಗಿಟಾರಿನ ವೈರನ್ನು ಅವನು ಯಾರ ಕೈಗೂ ಕೊಡದೆ ತಾನೇ ಬೆಸೆಯುತ್ತಿದ್ದ. ಕೊಟ್ಟರೆ ಒಳಗಿನ ಒಳ್ಳೆಯ ಭಾಗ ಕದಿಯುತ್ತಾರೆ ಎಂಬುದು ಅವನ ನಂಬಿಕೆ.

ಡೊಂಬಿವಲಿಯಲ್ಲಿ ನಮ್ಮ ಮೇಲಿನ ಫ್ಲ್ಯಾಟ್ ಅವನ ಮನೆಯವರದು. ಕುಂದಾಪುರದ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲಿತ್ತು. ನಾವು ಧಾರವಾಡದವರು. ಕಾಲೇಜು ಮುಗಿದ ಹೊಸತರಲ್ಲಿ ಮೂವರು ಸೇರಿ ಬ್ಯಾಂಡ್ ಕಟ್ಟಿದೆವು. ಅವನದು ಗಿಟಾರು ಮತ್ತು ದನಿ, ನನ್ನದು ಬೇಸ್. ಡ್ರಮ್ಮಿಗೆ ಕಲ್ಯಾಣದ ಗೆಳೆಯ. ಅವನಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ನಮ್ಮದು ಪವರ್ ಪಾಪ್: ಚಿಕ್ಕ ಹಾಡು, ಗಡುಸು ಗಿಟಾರು, ಒಮ್ಮೆ ಕೇಳಿದರೆ ನಾಲಿಗೆ ಬಿಡದ ಪಲ್ಲವಿ. ಹಾಡುಗಳೆಲ್ಲ ಗಾಯಕನವೇ, ಎಲ್ಲವೂ ಅವನ ತಲೆಯಲ್ಲೇ. ಬರೆದಿಟ್ಟರೆ ಯಾರಾದರೂ ಓದುತ್ತಾರಲ್ಲ.

ತುರ್ಭೆಯ ಒಂದು ಗೋಡೌನಿನಲ್ಲಿ ಭಾನುವಾರ ಪ್ರಾಕ್ಟೀಸು. ಪಕ್ಕದ ಹಮಾಲರು ಬಾಗಿಲಲ್ಲಿ ನಿಂತು ತಲೆದೂಗುವುದು ನನಗೆ ಹೆಮ್ಮೆ. ಅವನು ಶಟರ್ ಎಳೆದುಬಿಡುತ್ತಿದ್ದ. ಆಮೇಲೊಮ್ಮೆ ಎಫ್‌ಎಮ್‌ನಲ್ಲಿ ಸಾಬೂನಿನ ಜಾಹೀರಾತೊಂದರ ಧಾಟಿ ನಮ್ಮ ಪಲ್ಲವಿಯಂತೆಯೇ ಇದೆ ಎಂದು ಹಠ ಹಿಡಿದ. ನನಗೆ ಅಂಥ ಹೋಲಿಕೆ ಕಾಣಲಿಲ್ಲ. ಅಂದಿನಿಂದ ನಮ್ಮ ಮೊಬೈಲುಗಳು ಶಟರಿನಾಚೆ ಬಕೆಟ್ಟಿನಲ್ಲಿ.

ಮಹಾಪೆಯ ಒಂದು ಆಫೀಸಿನ ವಾರ್ಷಿಕೋತ್ಸವದಲ್ಲಿ ನಮ್ಮನ್ನು ಕೇಳಿದ ರೆಕಾರ್ಡಿಂಗ್ ಕಂಪನಿಯವರೊಬ್ಬರು ಆಲ್ಬಮ್ ಮಾಡೋಣ, ಮೊದಲು ಸ್ಯಾಂಪಲ್ ಕಳಿಸಿ ಎಂದರು. ಕಾಯುತ್ತಿದ್ದ ಗಳಿಗೆ ಬಂತೆಂದು ನಾವಿಬ್ಬರೂ ಕುಣಿದೆವು. ಗಾಯಕ ಮಾತ್ರ ಅಲ್ಲಾಡಲಿಲ್ಲ.

"ಕೊಟ್ಟರೆ ಹೋಯ್ತು ಮಾರಾಯ. ನಾಳೆ ಅವರದ್ದೇ ಹಾಡು ಅಂತಾರೆ."

ಅವರು ಎರಡು ಮೂರು ಬಾರಿ ಫೋನ್ ಮಾಡಿ ಸುಮ್ಮನಾದರು. ನಂತರದ ಒಂದು ಭಾನುವಾರ, ಹಾಡಿನ ನಡುವೆ ಗಾಯಕ ಗಿಟಾರು ನಿಲ್ಲಿಸಿ ಡ್ರಮ್ಮರನ ಚೀಲವನ್ನೇ ನೋಡಿದ. ಅದರಲ್ಲಿ ಇನ್ನೊಂದು ಫೋನಿದೆ, ರೆಕಾರ್ಡ್ ಆಗುತ್ತಿದೆ ಎಂದ. ಡ್ರಮ್ಮರನ ಮುಖ ಕೆಂಪಾಯಿತು. "ಶಕ್ ಹೈ ತೋ ಮೈಂ ಚಲಾ," ಅನುಮಾನವಿದ್ದರೆ ನಾನು ಹೊರಟೆ, ಎಂದವನೇ ಚೀಲ ಹೆಗಲಿಗೇರಿಸಿ ಹೊರಟ. ನಮ್ಮ ಬ್ಯಾಂಡ್ ಅಲ್ಲಿಗೆ ಮುಗಿಯಿತು.

ಗಾಯಕ ಹೋಟೆಲಿನ ಗಲ್ಲಾ ಹಿಡಿದ. ಕೆಲವು ವರ್ಷಗಳಲ್ಲಿ ಕಾಮಾಲೆ ಅವನನ್ನು ಕರೆದೊಯ್ದಿತು. ಹಾಡುಗಳೇನಾದರೂ ಉಳಿದಿವೆಯೇ ಎಂದು ಅವನ ತಾಯಿಯನ್ನು ಕೇಳಿದೆ.

"ಎಂತದೂ ಇಲ್ಲ ಮಗಾ. ಹಾಡುವಾಗ ನನಗೂ ಬಾಗಿಲು ಹಾಕ್ತಿದ್ದ," ಎಂದರು.

ಮೊನ್ನೆ ಅಂಗಡಿಯಿಂದ ಬಂದವನೇ, ಇಷ್ಟು ವರ್ಷಗಳ ಮೇಲೆ ಡ್ರಮ್ಮರನಿಗೆ ಫೋನ್ ಮಾಡಿದೆ. ನಮ್ಮ ಒಂದು ಹಾಡಾದರೂ ನೆನಪಿದೆಯೇ ಎಂದೆ. ಅವನು ವಾಟ್ಸ್ಯಾಪ್‌ನಲ್ಲಿ ಒಂದು ಧ್ವನಿಮುದ್ರಣ ಕಳಿಸಿದ. ಕಂಪನಿಯವರಿಗೆ ಕೇಳಿಸಲೆಂದೇ ಮಾಡಿದ್ದಂತೆ, ಆ ಜಗಳದ ಮೇಲೆ ಯಾರಿಗೂ ಕೊಡಲಿಲ್ಲವಂತೆ. ನಿಜವೋ ಏನೋ... ನಂಬುವುದು ನನಗೂ ಸುಲಭವಾಗಲಿಲ್ಲ.

ಗರಗರ ಸದ್ದಿನೊಳಗಿಂದ ಗಾಯಕನ ಎಳೆಯ ದನಿ ಬಂತು. ಪಲ್ಲವಿಗೆ ಮೂವರೂ ಕೂಡಿದೆವು. ಎರಡನೇ ಚರಣದ ನಡುವೆ ಗಿಟಾರು ನಿಂತಿತು.

"ನಿಲ್ಲಿಸಿ. ಯಾರೋ ರೆಕಾರ್ಡ್ ಮಾಡ್ತಾ ಇದ್ದೀರಿ."

ಅವನ ಗುಮಾನಿ ನಿಜವಾಗಿತ್ತು. ಅವನದೆಂದು ಈ ಲೋಕದಲ್ಲಿ ಉಳಿದಿರುವುದು ಆ ಅರ್ಧ ಹಾಡೊಂದೇ. ಮಿಕ್ಕದ್ದು ಹೇಗಿತ್ತೆಂದು ಡ್ರಮ್ಮರನೂ ನಾನೂ ಫೋನಿನಲ್ಲೇ ಬಹಳ ಹೊತ್ತು ಗುನುಗಿ ನೋಡಿದೆವು. ಬರಲಿಲ್ಲ.