ಮೇಷ್ಟ್ರು ಮಂಚ ಜೋಡಿಸಿದ್ದು

ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗದಲ್ಲಿ, ಜೆರಾಕ್ಸ್ ಯಂತ್ರಕ್ಕೂ ಕೈತೊಳೆಯುವ ಬೇಸಿನ್ನಿಗೂ ನಡುವೆ ಇರುವ ಸಣ್ಣ ಕೋಣೆಯೇ ಪ್ಲೇಸ್‌ಮೆಂಟ್ ಆಫೀಸು. ಅಲ್ಲಿ ಕೂರುವವರಿಗೆ ಹುಡುಗರು ಇಟ್ಟ ಹೆಸರು ‘ಗೊತ್ತು ಮೇಷ್ಟ್ರು’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಅವರಿಗೆ ಅದೂ ಗೊತ್ತು.

ಮೊದಲು ಅವರು ಮೆಷಿನ್ ಡ್ರಾಯಿಂಗ್ ಕಲಿಸುತ್ತಿದ್ದರು. ‘ನಿಮಗೆ ಮಾತು ಚೆನ್ನಾಗಿ ಬರತ್ತೆ’ ಎಂದು ವಿಭಾಗದ ಮುಖ್ಯಸ್ಥರು ಹೊಗಳಿದರು. ಹೊಗಳಿಕೆ ಮುಗಿಯುವಷ್ಟರಲ್ಲಿ ಈ ಕೆಲಸ ಕೊರಳಿಗೆ ಬಿದ್ದಿತ್ತು. ಅಲ್ಲಿಂದಾಚೆ ಕಂಪನಿ ಕಂಪನಿಗೆ ಅಲೆದು, ನಮ್ಮ ಮಕ್ಕಳಿಗೆ ಕೆಲಸ ಕೊಡಿ ಎಂದು ಕೇಳುವುದೇ ಅವರ ಪಾಠ. ಯಾವ ಆಫೀಸಿನ ಸೋಫಾ ಮೆತ್ತಗಿದೆ, ಯಾವುದರ ಸ್ಪ್ರಿಂಗು ಚುಚ್ಚುತ್ತದೆ ಎಂಬ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಕೊರಳಿನ ಟೈ ಮಾತ್ರ ಒಂದೇ. ಗಂಟು ಬಿಚ್ಚದೆ ಬಾಗಿಲ ಹಿಡಿಕೆಗೆ ನೇತುಹಾಕಿರುತ್ತಾರೆ.

ಸಂದರ್ಶನಕ್ಕೆ ಹುಡುಗರನ್ನು ತಯಾರು ಮಾಡುವಾಗ ಅವರ ನಿಯಮ ಒಂದೇ.

‘ಗೊತ್ತಿಲ್ಲ ಅಂತ ಬಾಯಿಂದ ಬಂತೋ, ಬಂದ ದಾರೀಲೇ ವಾಪಸ್ ಹೋಗ್ತೀರ. ಏನ್ ಕೇಳಿದ್ರೂ ಗೊತ್ತು ಸರ್ ಅನ್ನಿ. ಆಮೇಲೆ ನೋಡ್ಕೊಳ್ಳೋಣ.’

ಆಮೇಲೆ ನೋಡಿಕೊಳ್ಳುವವರು ಯಾರು ಎಂದು ಅವರು ಹೇಳಿರಲಿಲ್ಲ.

ಅವರ ಬಲೆಗೆ ಬಿದ್ದ ದೊಡ್ಡ ಮೀನು ಊರಾಚೆಯ ಆಸ್ಪತ್ರೆ ಮಂಚದ ಕಾರ್ಖಾನೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಅಲ್ಲಿ ಆರು ತಿಂಗಳು ಕೆಲಸ ಕಲಿಯಬೇಕು. ಕಲಿತವರನ್ನು ಕಾರ್ಖಾನೆಯೇ ಇಟ್ಟುಕೊಳ್ಳುತ್ತದೆ. ಹಾಗೆಂದು ಒಪ್ಪಂದವಾಯಿತು, ಕೈಕುಲುಕುವ ಫೋಟೋ ಗೋಡೆ ಸೇರಿತು. ಮೊದಲ ತಂಡದಲ್ಲಿ ಮೇಷ್ಟ್ರ ಅಕ್ಕನ ಮಗಳೂ ಇದ್ದಳು. ಕಾಲೇಜಿನಲ್ಲಿ ‘ಸರ್’, ಮನೆಯಲ್ಲಿ ‘ಮಾಮ’ ಎಂದು ಲೆಕ್ಕ ತಪ್ಪದೆ ಕರೆಯುವ ಹುಡುಗಿ.

ಎಡವಟ್ಟು ಮಾಡಿದವಳೂ ಅವಳೇ. ಮಂಚದ ತಲೆಭಾಗ ಎತ್ತಲು ಒಂದು ಮೋಟಾರು, ಕಾಲಭಾಗಕ್ಕೆ ಇನ್ನೊಂದು. ಎರಡರ ವೈರು ಅದಲುಬದಲಾದವು. ಕೊಳ್ಳಲು ಬಂದಿದ್ದ ಡಾಕ್ಟರು ತಾವೇ ಮಲಗಿ ನೋಡುತ್ತೇನೆಂದರು. ತಲೆ ಎತ್ತುವ ಗುಂಡಿ ಒತ್ತಿದರು. ಕಾಲು ಎದ್ದಿತು. ಗಾಬರಿಯಲ್ಲಿ ಇನ್ನಷ್ಟು ಒತ್ತಿದರು. ಕನ್ನಡಕ ಹಣೆ ದಾಟಿ ನೆಲಕ್ಕೆ ಬಿತ್ತು, ಆರ್ಡರು ಅದರ ಹಿಂದೆಯೇ ಹೋಯಿತು.

ಮರುದಿನ ಕಾರ್ಖಾನೆಯ ಮ್ಯಾನೇಜರ್ ಮೇಡಂ ಫೋನ್ ಮಾಡಿ, ಈಗಿರುವ ತಂಡ ಮುಗಿಸಿ ಹೋಗಲಿ, ಒಪ್ಪಂದ ಇಲ್ಲಿಗೆ ಸಾಕು ಎಂದರು. ಮುಂದಿನ ತಂಡ ಆಗಲೇ ಆಯ್ಕೆಯಾಗಿತ್ತು. ಇದನ್ನೇ ನಂಬಿ ಬೇರೆ ಕಡೆಯ ಅವಕಾಶ ಬಿಟ್ಟವರೂ ಅದರಲ್ಲಿದ್ದರು. ಅವರಿಗೆ ಏನು ಹೇಳಬೇಕೆಂದು ಮಾತ್ರ ‘ಗೊತ್ತು ಮೇಷ್ಟ್ರಿಗೆ’ ತೋಚಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋಗಿ ಹುಡುಗಿಯನ್ನು ಗದರಿದರು.

‘ವೈರು ಯಾವ್ದು ಎಲ್ಲಿಗೆ ಅಂತ ಕೇಳೋಕೆ ಏನಾಗಿತ್ತೇ?’

‘ಮಾಮ, ಆ ಸದ್ದಲ್ಲಿ ಸೂಪರ್‌ವೈಸರ್ ಹೇಳಿದ್ದು ಕೇಳಿಸ್ಲೇ ಇಲ್ಲ. ಇನ್ನೊಂದ್ಸಲ ಹೇಳಿ ಅನ್ನೋಣ ಅಂತಿದ್ದೆ. ನೀವು ನೆನಪಾದ್ರಿ. ಗೊತ್ತು ಸರ್ ಅಂದೆ.’

ಅಕ್ಕ ಅಡುಗೆಮನೆಯಿಂದಲೇ ದನಿ ಸೇರಿಸಿದರು. ‘ಅವಳನ್ನ ಯಾಕೋ ಬೈತೀಯ? ಗೊತ್ತು ಅಂತ ನೀನು ಬಿಚ್ಚಿದ ಮಿಕ್ಸಿ ಇನ್ನೂ ಅಟ್ಟದ ಮೇಲಿದೆ, ತಂದ್ಕೊಡ್ಲಾ?’

ಮೇಷ್ಟ್ರು ಟೀ ಕುಡಿಯದೆ ಎದ್ದರು.

ಬೆಳಗ್ಗೆ ಟೈ ಏರಿಸಿಕೊಂಡು ಕಾರ್ಖಾನೆಗೆ ಹೋದರು. ಮೇಡಂ ಅವರನ್ನು ಸೋಫಾದಲ್ಲಿ ಕೂರಿಸದೆ ನೇರ ಮಂಚ ಜೋಡಿಸುವ ಜಾಗಕ್ಕೇ ಕರೆದೊಯ್ದರು.

‘ನಿಮ್ಮ ಮಕ್ಕಳು ಒಳ್ಳೆಯವ್ರೇ ಮೇಷ್ಟ್ರೇ. ಹೊತ್ತಿಗೆ ಸರಿಯಾಗಿ ಬರ್ತಾರೆ, ಫೋನ್ ಮುಟ್ಟಲ್ಲ. ಆದ್ರೆ ಏನ್ ಹೇಳಿದ್ರೂ ಗೊತ್ತು ಅಂತಾರೆ. ಇಷ್ಟು ವರ್ಷ ಇಲ್ಲಿದ್ದು ನನಗೇ ಅರ್ಧ ಗೊತ್ತಿಲ್ಲ, ಇವ್ರಿಗೆ ಹೆಂಗೆ ಗೊತ್ತು?’

‘ಆತ್ಮವಿಶ್ವಾಸ ಮೇಡಂ...’

‘ಈ ಮೋಟಾರು ಕೂರ್ಸೋದು ಗೊತ್ತಾ ನಿಮಗೆ?’

‘ಗೊತ್ತು ಮೇಡಂ,’ ಎಂದರು ಮೇಷ್ಟ್ರು. ಯೋಚಿಸಿ ಹೇಳಿದ ಮಾತಲ್ಲ ಅದು. ಸೀನು ಬಂದ ಹಾಗೆ ಬಂದುಬಿಟ್ಟಿತು.

ಮೇಡಂ ಸ್ಪ್ಯಾನರ್ ಕೈಗಿಟ್ಟರು.

ಮೇಷ್ಟ್ರು ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಬಗ್ಗಿದರು. ಮೋಟಾರನ್ನು ಹೀಗಿಟ್ಟರು, ಹಾಗಿಟ್ಟರು. ಒಂದು ಬೋಲ್ಟು ಉರುಳಿ ಮಂಚದಡಿ ಹೋಯಿತು. ಅದರ ಹಿಂದೆ ಮೇಷ್ಟ್ರೂ ಹೋದರು. ಸುತ್ತಲಿನವರು ಕೆಲಸ ಮಾಡುವ ನಟನೆ ಮಾಡುತ್ತ ನಿಂತಿದ್ದರು. ಪಕ್ಕದ ಬೆಂಚಿನಿಂದ ಅಕ್ಕನ ಮಗಳು ಪಿಸುಗುಟ್ಟಿದಳು: ‘ಮಾಮ... ಸರ್... ತಿರುಗಿಸಿ ಇಡಿ.’ ಎತ್ತ ತಿರುಗಿಸುವುದೆಂದು ಕೇಳಲು ಅಭಿಮಾನ ಬಿಡಲಿಲ್ಲ.

ಕೊನೆಗೆ ಮಂಚದಡಿಯಿಂದಲೇ ದನಿ ಬಂತು. ‘ಗೊತ್ತಿಲ್ಲ ಮೇಡಂ.’

ಮೇಡಂ ನಕ್ಕರು. ನಗುತ್ತಲೇ ಸೂಪರ್‌ವೈಸರನ್ನೂ ಹಿಡಿದರು.

‘ನೀನು ಈ ಮಕ್ಳಿಗೆ ಒಂದ್ಸಲನಾದ್ರೂ ಮಾಡಿ ತೋರ್ಸಿದ್ಯಾ?’

‘ಗೊತ್ತು ಅಂದ್ರಲ್ಲ ಮೇಡಂ. ಗೊತ್ತಿರೋರಿಗೆ ಏನ್ ತೋರ್ಸೋದು?’

‘ಇವ್ರು ಹೇಳಿದ್ದು, ನೀನು ನಂಬಿದ್ದು. ಚೆನ್ನಾಗಿದೆ ಜೋಡಿ.’

ಒಪ್ಪಂದ ಇದ್ದ ಹಾಗೇ ಉಳಿಯಲಿಲ್ಲ, ಮುರಿಯಲೂ ಇಲ್ಲ. ರಜೆಯಲ್ಲಿ ಮೊದಲು ಮೇಷ್ಟ್ರುಗಳು ಬಂದು ಕೆಲಸ ಕಲಿಯಬೇಕು, ಸೂಪರ್‌ವೈಸರ್ ಕಾಲೇಜಿಗೆ ಹೋಗಿ ಪಾಠ ಮಾಡುವುದನ್ನು ಕಲಿಯಬೇಕು. ಆಮೇಲೆ ಹೊಸ ತಂಡವನ್ನು ಒಂದು ತಿಂಗಳು ನೋಡಿ ಸಹಿ ಹಾಕುವುದು. ಇದು ಮೇಡಂ ಷರತ್ತು. ವಿಭಾಗದ ಮುಖ್ಯಸ್ಥರಿಗೆ ಸರಿಯಾಗಿ ರಜೆ ಶುರುವಾದ ದಿನವೇ ಸೊಂಟ ಹಿಡಿದುಕೊಂಡಿತು. ಉಳಿದವರು ಹೋದರು. ಗೊತ್ತು ಮೇಷ್ಟ್ರು ಟೈ ಇಲ್ಲದೆ ಹೋದರು, ಮೋಟಾರು ಕೂರಿಸಲು ಕಲಿತು ಬಂದರು.

ಹೊಸ ತಂಡಕ್ಕೆ ತರಬೇತಿಯೂ ಹೊಸದಾಯಿತು. ‘ತಿಳೀದಿದ್ರೆ ಕೇಳಿ. ನಾಚ್ಕೋಬೇಡಿ. ಸರ್, ಇನ್ನೊಂದ್ಸಲ ತೋರಿಸ್ತೀರಾ ಅನ್ನಿ,’ ಎಂದು ಮೇಷ್ಟ್ರು ಹುಡುಗರಿಂದ ಒಕ್ಕೊರಲಿನಲ್ಲಿ ಹೇಳಿಸಿದರು.

ತಿಂಗಳು ತುಂಬಿದ ದಿನ ಸೂಪರ್‌ವೈಸರ್ ಫೋನ್ ಮಾಡಿದ.

‘ಸಾರ್, ಎಲ್ರೂ ಒಂದೇ ಪ್ರಶ್ನೆ ಕೇಳ್ತಾರೆ. ಬೋಲ್ಟು ತೋರ್ಸಿದ್ರೂ ಇನ್ನೊಂದ್ಸಲ ತೋರಿಸ್ತೀರಾ, ಟಾಯ್ಲೆಟ್ ಎಲ್ಲಿ ಅಂತ ತೋರ್ಸಿದ್ರೂ ಇನ್ನೊಂದ್ಸಲ ತೋರಿಸ್ತೀರಾ. ನಾನು ಮನುಷ್ಯ ಅಲ್ವಾ?’

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ‘ಮೇಡಂ ಏನಂದ್ರು?’

‘ಮಂಚ ಎಲ್ಲಾ ಸರಿಯಾಗಿ ಏಳ್ತಿವೆಯಲ್ಲ, ಇನ್ನೊಂದ್ಸಲ ತೋರ್ಸು ಅಂದ್ರು. ಸಹಿ ಹಾಕಿದಾರೆ. ಬಂದು ಒಪ್ಪಂದದ ಕಾಗದ ತಗೊಂಡು ಹೋಗಿ.’