ವರಾಂಡದ ಕೌದಿ

ಶಾರದಾಬಾಯಿಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಬಗ್ಗೆ ನಾನು ಬರೆಯುವ ಒಂದೊಂದು ಒಳ್ಳೆಯ ಮಾತೂ ಹಲ್ಲು ಕಚ್ಚಿಕೊಂಡು ಬರೆದದ್ದು.

ಸಿಕಂದರಾಬಾದಿನ ಹತ್ತಿರದ ಸನತ್‌ನಗರದಲ್ಲಿ ಕಾರ್ಖಾನೆ ಕೆಲಸಗಾರರ ಮಕ್ಕಳಿಗಾಗಿ ಒಂದು ಟ್ರಸ್ಟಿನ ಶಿಶುವಿಹಾರವಿದೆ. ನಾನು ಅನುರಾಧಾ, ಅಲ್ಲಿಯ ಟೀಚರ್. ಅವರು ಆಯಾ. ಹುಮನಾಬಾದ್ ಕಡೆಯವರು. ಗಂಡ ಸೂಗಪ್ಪ ಇಲ್ಲಿಯ ಬೋಲ್ಟಿನ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ವರ್ಷ ಇವರು ಕಸಬರಿಗೆ ಹಿಡಿದು ನಮ್ಮಲ್ಲಿಗೆ ಬಂದರು. ಹದಿನಾಲ್ಕು ವರ್ಷವಾಯಿತು. ಓದಿದ್ದು ನಾಲ್ಕನೆಯ ಇಯತ್ತೆ. ತೆಲುಗು ಇವತ್ತಿಗೂ ನೆಟ್ಟಗೆ ಬಾರದು. ದಾರ ಸುತ್ತಿದ ಸೂಜಿಯೊಂದನ್ನು ತಾಳಿಸರದ ಪಿನ್ನಿನ ಪಕ್ಕ ಸಿಕ್ಕಿಸಿಕೊಂಡಿರುತ್ತಾರೆ. ಯಾವ ಮಗುವಿನ ಗುಂಡಿ ಕಿತ್ತುಹೋದರೂ ನಿಂತಲ್ಲೇ ಹಚ್ಚಿಬಿಡುತ್ತಾರೆ.

ನಾನೋ, ಸಿಕಂದರಾಬಾದಿನಲ್ಲಿ ಮಕ್ಕಳ ತರಗತಿಯನ್ನು ಸಜ್ಜುಗೊಳಿಸುವ ಆರು ತಿಂಗಳ ಕೋರ್ಸು ಮಾಡಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡವಳು. ಹೋದ ಬೇಸಿಗೆ ರಜೆಯನ್ನೆಲ್ಲ ನನ್ನ ಕೋಣೆಗೆ ಸುರಿದೆ. ಗೋಡೆಗೆ ಕಾಮನಬಿಲ್ಲು ಬರೆದೆ, ಮೂಲೆಯಲ್ಲಿ ರಟ್ಟಿನ ಮರ ನಿಲ್ಲಿಸಿದೆ, ಹಳದಿ ಕುರ್ಚಿ ತರಿಸಿದೆ. ಹರಿಯಬಾರದೆಂದು ಕತೆ ಪುಸ್ತಕಗಳನ್ನು ಎತ್ತರದಲ್ಲಿ ಜೋಡಿಸಿದೆ. ಮರವನ್ನು ಮುಟ್ಟಿದರೆ ಬೀಳುತ್ತಿತ್ತು, ಹಾಗಾಗಿ ಅದನ್ನು ಮುಟ್ಟಕೂಡದೆಂದೆ.

ಜೂನಿನಲ್ಲಿ ಹೋದ ವರ್ಷದ ಮಕ್ಕಳೇ ಮರಳಿ ಬಂದರು, ಬಾಯಿ ತೆರೆದು ನೋಡಿದರು, ಆಟದ ಹೊತ್ತಾದದ್ದೇ ಎದ್ದು ವರಾಂಡಕ್ಕೆ ಓಡಿದರು. ಅಲ್ಲಿ ಶಾರದಾಬಾಯಿ ಕೌದಿ ಹಾಸಿ ಕೂತಿದ್ದರು. ಹಳೆ ಸೀರೆಯ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದ, ನಮ್ಮ ಕಡೆ ಮನೆಮನೆಯಲ್ಲೂ ಹಾಸುವ ಕೌದಿ. ಒಂದು ಚಿತ್ರವಿಲ್ಲ, ಆಟಿಕೆಯಿಲ್ಲ. ಅದರ ಮೇಲೆ ಮಕ್ಕಳು ತಮತಮಗೆ ಗೊತ್ತು ಮಾಡಿಟ್ಟ ಜಾಗದಲ್ಲಿ ಕೂತು ಗಂಟೆಗಟ್ಟಲೆ ಆಡುತ್ತಿದ್ದವು. ನನ್ನ ಮೈ ಉರಿಯುತ್ತಿತ್ತು.

ಅದರಲ್ಲೂ ತರುಣ. ನಾಲ್ಕು ವರ್ಷದ ಆ ಹುಡುಗ ನನ್ನ ಕೋಣೆಯ ಹೊಸ್ತಿಲನ್ನೇ ದಾಟಲಿಲ್ಲ. ಪಾಠವನ್ನೂ ಕೌದಿಯ ಮೇಲೆ ಕೂತು ಬಾಗಿಲಿನಿಂದಲೇ ಕೇಳುತ್ತಿದ್ದ. ಚಾಕಲೇಟು ತೋರಿಸಿದೆ, ಗದರಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೌದಿಯೇ ಸರಿಯಿಲ್ಲ ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಟ್ರಸ್ಟಿ ಜಯತೀರ್ಥರು ಕೋಣೆ ನೋಡಲು ಬರುವುದೆಂದಾಯಿತು. ಮಿಯಾಪುರದಲ್ಲಿ ತೆರೆಯುವ ಹೊಸ ಶಿಶುವಿಹಾರಕ್ಕೆ ನನ್ನ ಕೋಣೆಯೇ ಮಾದರಿಯಾಗಬಹುದು. ಆ ಹೊತ್ತಿಗೆ ಮಕ್ಕಳೆಲ್ಲ ಒಳಗಿರಬೇಕು, ತರುಣನೂ ಇರಬೇಕು. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಕೌದಿಯನ್ನು ಮಡಚಿ ನನ್ನ ಕಪಾಟಿಗೆ ತುರುಕಿ ಕೀಲಿ ಹಾಕಿದೆ.

ಬೆಳಿಗ್ಗೆ ಶಾರದಾಬಾಯಿ ಹುಡುಕಾಡಿ ನನ್ನ ಬಳಿ ಬಂದರು.

"ಅಕ್ಕಾರ, ನನ್ನ ಕೌದಿ ನೋಡೀರೇನ್ರಿ?"

"ಭಾಳ ಹೊಲಸಾಗಿತ್ರಿ ಬಾಯಿ. ಒಗೆಯಾಕ ಕೊಟ್ಟೀನಿ."

ಅವರು ಒಂದು ಗಳಿಗೆ ನನ್ನ ಮುಖ ನೋಡಿ ನೀರು ತುಂಬಲು ಹೋದರು.

ಜಯತೀರ್ಥರು ಬಂದರು. ಮಕ್ಕಳು ಕುರ್ಚಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ತರುಣ ಹೊರಗೆ, ಕೌದಿ ಇರುತ್ತಿದ್ದ ಬರಿಯ ನೆಲದ ಮೇಲೆ ಒಬ್ಬನೇ ಕೂತಿದ್ದ.

"ಖೋಲಿ ಭಾಳ ಛಂದ ಆಗೇದ. ಮಿಯಾಪುರದಾಗೂ ಹಿಂಗೇ ಮಾಡಿಸೋಣ," ಎಂದರು ಜಯತೀರ್ಥರು. ಹೊರಡುವಾಗ, "ಹುಡುಗ್ರು ಯಾಕ ಬಸ್‌ಸ್ಟ್ಯಾಂಡಿನಾಗ ನಿಂತಂಗ ನಿಂತಾವ?" ಎಂದೂ ಕೇಳಿದರು.

ಗೆದ್ದಿದ್ದೆ. ಹಾಜರಿ ಪುಸ್ತಕಕ್ಕೆಂದು ಕಪಾಟು ತೆರೆದೆ. ಒತ್ತಿ ತುರುಕಿದ್ದ ಕೌದಿ ಧೊಪ್ಪೆಂದು ನೆಲಕ್ಕೆ ಬಿತ್ತು.

ತರುಣ ಹೊಸ್ತಿಲು ದಾಟಿ ಓಡಿಬಂದ. ಮೂರು ತಿಂಗಳಲ್ಲಿ ಮೊದಲ ಸಲ. ನನ್ನತ್ತ ನೋಡಲೂ ಇಲ್ಲ. ಮಡಿಕೆ ಬಿಡಿಸಿ ಒಂದು ಹಸಿರು ತುಂಡು ಹುಡುಕಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಉಳಿದವೂ ಬಂದು ತಮ್ಮ ತಮ್ಮ ತುಂಡು ಹಿಡಿದವು. ನಿರೀಕ್ಷಾ ಎಂಬ ಬಾಯಿಬಡಕಿ ತನ್ನ ನೀಲಿ ತುಂಡು ತಟ್ಟಿ, "ಇದಿ ಮಾ ಅಮ್ಮದಿ," ಎಂದಳು, ಇದು ನಮ್ಮಮ್ಮನದು ಎಂದು. ಇನ್ನೊಂದು ಮಗುವೂ ಅದನ್ನೇ ಹೇಳಿತು. ರಜೆಗೆ ಮೊದಲೇ ಒಬ್ಬೊಬ್ಬರ ತಾಯಿಯಿಂದಲೂ ಹಳೆ ಸೀರೆ ಕೇಳಿ ತಂದು ಶಾರದಾಬಾಯಿ ಆ ಕೌದಿ ಹೊಲಿದಿದ್ದರು. ಇಷ್ಟು ದಿನ ಉರಿಗಣ್ಣಿನಿಂದ ನೋಡುತ್ತಿದ್ದ ನನಗೆ ಅದು ಬರೀ ಚಿಂದಿಯಾಗಿತ್ತು.

"ತರುಣನದೂ ಅಮ್ಮನ ಸೀರೆಯೇನು?" ಎಂದು ತೆಲುಗಿನಲ್ಲಿ ಕೇಳಿದೆ.

ಅವನಮ್ಮ ಸೀರೆ ಉಡುವುದೇ ಇಲ್ಲ, ಪ್ಯಾಕಿಂಗ್ ಕೆಲಸಕ್ಕೆ ಡ್ರೆಸ್ಸೇ ಹಾಕಿಕೊಂಡು ಹೋಗುತ್ತಾಳೆ ಎಂದು ನಿರೀಕ್ಷಾ ವಿವರಿಸಿದಳು. ತರುಣ ಹಸಿರಿನ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ಇದಿ ಮೇಡಮ್‌ದಿ."

ಬಗ್ಗಿ ನೋಡಿದೆ. ಹೋದ ದೀಪಾವಳಿಗೆ, ಅಂಚು ಹರಿದಿದೆಯೆಂದು ಶಾರದಾಬಾಯಿಗೆ ಕೊಟ್ಟಿದ್ದ ನನ್ನ ಇಳಕಲ್ ಸೀರೆ. ಮೂರು ತಿಂಗಳು ನಾನು ಹೊಟ್ಟೆ ಉರಿಸಿಕೊಂಡದ್ದು ನನ್ನದೇ ಸೀರೆಯ ಮೇಲೆ.

ಬಾಗಿಲಲ್ಲಿ ಶಾರದಾಬಾಯಿ ಕೊಡ ಹಿಡಿದು ನಿಂತಿದ್ದರು.

"ಇಷ್ಟ್ ಜಲ್ದಿ ಒಗದು ಒಣಗೇತೇನ್ರಿ ಅಕ್ಕಾರ?"

"ಇಲ್ರಿ ಬಾಯಿ. ನಾನೇ ಮುಚ್ಚಿಟ್ಟಿದ್ದೆ. ಹುಡುಗ್ರು ನಿಮ್ಮ ಕಡೆನೇ ಓಡ್ತಾವಂತ ತಡಕೊಳ್ಳಾಕ ಆಗ್ಲಿಲ್ಲ."

"ಗೊತ್ತಿತ್ರಿ," ಎಂದು ಅವರು ಕೊಡ ಇಳಿಸಿದರು. "ಎಲ್ಲಾರಿಗೂ ಅವರವರ ಅವ್ವನ ಸೀರಿ ಐತಿ, ನಿನಗ್ಯಾವುದು ಬೇಕಪ್ಪ ಅಂತ ಈ ಹುಡುಗನ್ನ ಕೇಳಿದ್ದೆ. ನಿಮ್ಮ ಸೀರಿ ಅಂತ ಇದನ್ನ ಹಿಡಕೊಂಡು ಬಿಡಲೇ ಇಲ್ಲ."

ಅವನ ಪಕ್ಕ ಕೂರಬೇಕೆನಿಸಿತು. ಸುತ್ತ ಒಂದು ತುಂಡೂ ಖಾಲಿಯಿರಲಿಲ್ಲ, ಕೊನೆಯ ಮೂಲೆಯ ಮಾಸಿದ ಕೆಂಪೊಂದನ್ನು ಬಿಟ್ಟು. ನಾನು ಅದನ್ನೇ ನೋಡುತ್ತಿರುವುದು ಶಾರದಾಬಾಯಿಗೆ ಕಂಡಿತು.

"ಅದು ನನ್ನ ಸೀರೀದ್ರಿ," ಎಂದು ಅವರು ತಾವು ನೆಲದ ಮೇಲೇ ಕೂತರು. "ನೀವು ಅದರ ಮ್ಯಾಲ ಕೂಡ್ರಿ."