ಹಿಂದಿನ ತಾರೀಕಿನ ಪತ್ರ

ಯುದ್ಧ ಮುಗಿದ ವರ್ಷ, ಕುವೈತಿನ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದಾಗ, ನಾನು ಫಹಾಹೀಲ್‌ನ ಒಂದು ವಿದೇಶಿ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಟೈಪಿಸ್ಟ್ ಎಂಬುದು ಹೆಸರಿಗೆ ಮಾತ್ರ. ಆಫೀಸಿನ ಟೈಪ್‌ರೈಟರುಗಳನ್ನೆಲ್ಲ ಇರಾಕಿ ಸೈನಿಕರು ಹೊತ್ತೊಯ್ದಿದ್ದರು. ತಿಂಗಳುಗಟ್ಟಲೆ ಎಲ್ಲ ಪತ್ರಗಳನ್ನೂ ಕೈಯಲ್ಲೇ ಬರೆದೆ, ಬೈದುಕೊಂಡೇ ಬರೆದೆ.

ಆ ದಿನಗಳಲ್ಲೇ ಕಾರ್ಕಳ ಕಡೆಯ ಒಬ್ಬ ಪೈಪ್ ಫಿಟ್ಟರನನ್ನು ಕಂಪನಿ ಬಾವಿಯ ಹತ್ತಿರ ಕೆಲಸಕ್ಕೆ ಕಳಿಸಿತು. ಮರಳಲ್ಲಿ ಹೂತಿದ್ದ ಮೈನ್ ಸಿಡಿದು ಅವನ ಬಲಗಾಲು ಹೋಯಿತು. ಅಲ್ಲಿ ಇನ್ನೂ ಮೈನ್ ತೆಗೆದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. "ಅವನು ನಮ್ಮವನಲ್ಲ, ವೀಸಾ ಕೊಟ್ಟ ಕಫೀಲ್‌ನನ್ನು ಕೇಳಿ" ಎಂದಿತು ಕಂಪನಿ. ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆ ಬಸ್ಸಿಗೆ ಹತ್ತಿಸುವಾಗ ನಿಮ್ಮವನು, ಕಾಲು ಹೋದಮೇಲೆ ಕಫೀಲ್‌ನವನಾ?

ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅವನು ಕಂಪನಿಯ ಸ್ವಂತ ದೇಶದಲ್ಲಿ ಕೇಸು ಹಾಕಲು ಮುಂದಾದ. ಅಲ್ಲಿನ ಒಬ್ಬ ವಕೀಲೆ ಒಪ್ಪಿದಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮ್ಯಾನೇಜರ್ ನನ್ನನ್ನು ಕರೆದು ಒಂದು ಪತ್ರ ಟೈಪ್ ಮಾಡಿಸಿದ. ಮೈನ್ ಇರುವ ಬಗ್ಗೆ ಕೆಲಸಗಾರರಿಗೆಲ್ಲ ಎಚ್ಚರಿಕೆ ಕೊಡಲಾಗಿದೆ ಎಂದು ಅದರಲ್ಲಿತ್ತು. ಹಾಕಿಸಿದ ತಾರೀಕು ಅಪಘಾತದ ಹಿಂದಿನ ವಾರದ್ದು.

ಹೇಳಿದ ಹಾಗೇ ಟೈಪ್ ಮಾಡಿದೆ. ಹೆದರಿಕೆಯಿಂದಲೇ, ಸುಳ್ಳು ಯಾಕೆ ಹೇಳಲಿ? ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ನನ್ನ ಇಕಾಮಾ, ಅವರ ಕೈಯಲ್ಲಿತ್ತು. ಆದರೆ ಹಾಳೆ ಹೊರಗೆಳೆಯುವಾಗ ನಗು ತಡೆಯಲಾಗಲಿಲ್ಲ. ಇಡೀ ಆಫೀಸಿಗೆ ಇದ್ದ ಆ ಒಂದೇ ಹೊಸ ಟೈಪ್‌ರೈಟರ್ ಬಂದದ್ದೇ ಅಪಘಾತವಾಗಿ ಹದಿನೈದು ದಿನಕ್ಕೆ! ಡೆಲಿವರಿ ಚೀಟಿಗೆ ಸಹಿ ಹಾಕಿದವಳೂ ನಾನೇ. ಅಷ್ಟು ದೊಡ್ಡ ಮನುಷ್ಯನಿಗೆ ಇದು ಹೊಳೆಯಲೇ ಇಲ್ಲ. ಟೈಪ್‌ರೈಟರ್ ಕಾಣಬೇಕಾದರೆ ಮೊದಲು ಅದರ ಮುಂದೆ ಕೂತ ನಾನು ಕಾಣಬೇಕಿತ್ತಲ್ಲ.

ಆಸ್ಪತ್ರೆಗೆ ಹೋಗಿ ಫಿಟ್ಟರನಿಗೆ ಎಲ್ಲ ಹೇಳಿದೆ.

"ಬಾಯಮ್ಮ, ನಿಮ್ಮ ಕೆಲಸ ಹೋಗ್ತದಲ್ಲ?" ಎಂದ.

"ಹೋಗ್ಲಿ ಮಾರಾಯ. ಟೈಪಿಂಗ್ ಬರುವವಳಿಗೆ ಮಂಗಳೂರಲ್ಲಿ ಗಂಜಿಗೆ ಬರ ಉಂಟಾ? ನೀನು ಸುಮ್ಮನೆ ಮಲಗು. ನಾವು ಗೆಲ್ತೇವೆ."

ಅವನೆದುರು ಧೈರ್ಯವಾಗಿ ಹೇಳಿ ಬಂದು, ಡೆಲಿವರಿ ಚೀಟಿಯ ನಕಲನ್ನು ವಕೀಲೆಗೆ ಕಳಿಸಿದೆ. ವಾರ ಕಳೆದು ವಕೀಲೆಯ ಪತ್ರ ಬಂತು. ಚೀಟಿ ಸಾಲದು, ನೀವೇ ಸಾಕ್ಷಿ ಹೇಳಬೇಕು; ಹೇಳಿದರೆ ಈ ಮೋಸದಲ್ಲಿ ನಿಮ್ಮ ಪಾಲನ್ನೂ ಒಪ್ಪಿಕೊಳ್ಳಬೇಕಾಗುತ್ತದೆ, ಯೋಚಿಸಿ ಎಂದು ಬರೆದಿದ್ದಳು. ಅಲ್ಲಿಯವರೆಗೆ ತಪ್ಪೆಲ್ಲ ಮ್ಯಾನೇಜರನದೇ ಎಂದುಕೊಂಡು ಹಾಯಾಗಿದ್ದೆ. ಆ ಸಾಲು ಓದಿ ಮುಖ ಬಿಸಿಯಾಯಿತು, ನಾಚಿಕೆಯಾಯಿತು.

ಮರುದಿನವೇ ಹೇಳಿಕೆ ಬರೆಯಲು ಕುಳಿತೆ. ಕಂಪನಿಯ ಹೆಸರಿಗಿಂತ ಮೊದಲು ನನ್ನ ಹೆಸರು ಬರೆದೆ, ಅದರ ಕೆಳಗೆ ಮೊದಲ ವಾಕ್ಯ: ಆ ಸುಳ್ಳನ್ನು ಟೈಪ್ ಮಾಡಿದವಳು ನಾನು.